ಶಾಲಾ ಮಕ್ಕಳಿಗೆ ಸಕ್ಕರೆ ಕಾಯಿಲೆಯ ಪಾಠ: ಹೇಗೆ ಹೇಳಬೇಕು, ಏನು ಹೇಳಬಾರದು



ನವೆಂಬರ್ 14 ಎಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ನೆಹರೂರವರು ಹುಟ್ಟಿದ್ದು 1889ರ ಆ ದಿನ. ಅದೇ ತಾರೀಖಿನಂದು, ಎರಡು ವರ್ಷ ಕಳೆದು 1891ರಲ್ಲಿ, ದೂರದ ಕೆನಡಾದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬವರು ಹುಟ್ಟಿದರು. ಇನ್ಸುಲಿನ್ ಕಂಡುಹಿಡಿದವರಲ್ಲಿ ಅವರೇ ಮೊದಲಿಗರು. ಅವರ ಹುಟ್ಟುಹಬ್ಬವನ್ನೇ 1991ರಿಂದ ವಿಶ್ವ ಮಧುಮೇಹ ದಿನವನ್ನಾಗಿ ಆಚರಿಸಲಾಗುತ್ತಿದೆ. 2006ರಲ್ಲಿ ವಿಶ್ವಸಂಸ್ಥೆಯೂ ಇದಕ್ಕೆ ಮಾನ್ಯತೆ ಕೊಟ್ಟಿತು. ಹೀಗೆ ಒಂದೇ ದಿನ ಮಕ್ಕಳ ಹಬ್ಬ, ಸಕ್ಕರೆ ಕಾಯಿಲೆಯ ನೆನಪು ಎರಡೂ ಕೂಡಿ ಬರುತ್ತವೆ. ಆ ದಿನ ಬೆಳಿಗ್ಗೆ ಮಕ್ಕಳಿಗೆ ಚಾಕೊಲೇಟ್ ಹಂಚಿ ಮಧ್ಯಾಹ್ನ ಸಕ್ಕರೆ ಕಾಯಿಲೆ ಬಗ್ಗೆ ಭಾಷಣ ಮಾಡೋದು ನಮ್ಮಲ್ಲೂ ನಡೆದಿದೆ. ಮಕ್ಕಳು ನಗದೆ ಇರುತ್ತಾರೆಯೇ!

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಶಾಲೆಗಳಲ್ಲಿ ಈ ಪಾಠ ಮಾಡುವಾಗ ನಾವು ಕಲಿತದ್ದನ್ನು ಈ ಲೇಖನದಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಕಲಿತದ್ದರಲ್ಲಿ ನಮ್ಮ ತಪ್ಪೂ ಸೇರಿದೆ. ಅದನ್ನೇ ಮೊದಲು ಹೇಳುತ್ತೇವೆ.

ನಮ್ಮ ತಪ್ಪು

ಆರಂಭದಲ್ಲಿ ನಮ್ಮ ಪಾಠ ಬಹಳ ಸುಲಭವಾಗಿತ್ತು. ಫ್ಲಿಪ್ ಚಾರ್ಟಿನಲ್ಲಿ ಒಂದು ಕಡೆ ಜಿಲೇಬಿ, ಲಾಡು, ಐಸ್ ಕ್ಯಾಂಡಿ. ಇನ್ನೊಂದು ಕಡೆ ಸೊಪ್ಪು, ತರಕಾರಿ, ಕಾಳು. 'ಇದನ್ನು ತಿಂದರೆ ಸಕ್ಕರೆ ಕಾಯಿಲೆ ಬರುತ್ತೆ, ಇದನ್ನು ತಿಂದರೆ ಬರಲ್ಲ' ಎಂದು ಹೇಳಿ ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತಿದ್ದೆವು. ಮಕ್ಕಳು ಚೆನ್ನಾಗಿ ಹೇಳುತ್ತಿದ್ದರು. ನಮಗೂ ಸಂತೋಷ.

ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮುಗಿಸಿ ಬಂದ ಮೇಲೆ, ಆ ಊರಿನ ಸಂಘದ ಸದಸ್ಯೆಯೊಬ್ಬರು ಮಾಸಿಕ ಸಭೆಯಲ್ಲಿ ಎದ್ದು ನಿಂತರು. ಅವರ ಮಗಳು ಏಳನೇ ತರಗತಿ. ಒಂದು ವರ್ಷದಿಂದ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಹುಡುಗಿ. ಮನೆಯವರು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಆದರೆ ಊರಿನಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? "ನೀವು ಬಂದು ಹೋದ ಮೇಲೆ ಹುಡುಗ್ರೆಲ್ಲಾ ನನ್ ಮಗಳಿಗೆ, ನೀನು ಸಕ್ಕರೆ ಡಬ್ಬ ಕದ್ದು ಕದ್ದು ತಿಂದಿದೀಯ, ಅದಕ್ಕೇ ನಿಂಗೆ ಬಂದೈತೆ ಅಂತಾರೆ ಸಿಸ್ಟರ್. ಅವಳು ಸ್ಕೂಲಿಗೆ ಹೋಗಲ್ಲ ಅಂತ ಕೂತವಳೆ" ಎಂದರು. ಸಭೆ ಸುಮ್ಮನಾಯಿತು. ನಮಗೆ ಉತ್ತರ ಹೊಳೆಯಲಿಲ್ಲ.

ಆ ಹುಡುಗಿಗೆ ಬಂದದ್ದು ಸಿಹಿ ತಿಂದದ್ದರಿಂದಲ್ಲ. ಅಪ್ಪ ಅಮ್ಮ ಸರಿಯಾಗಿ ನೋಡಿಕೊಳ್ಳದೆ ಬಂದದ್ದೂ ಅಲ್ಲ. ನಮ್ಮ ಪಾಠದಲ್ಲಿ ಇಲ್ಲದೆ ಹೋದ ಒಂದು ಮಾತು ಆ ಮಗುವನ್ನು ಮನೆಯಲ್ಲಿ ಕೂರಿಸಿತು. ಆದ್ದರಿಂದ ಈಗ ನಾವು ಪಾಠ ಶುರು ಮಾಡುವುದೇ ಆ ಮಾತಿನಿಂದ: ಸಕ್ಕರೆ ಕಾಯಿಲೆ ಎರಡು ಬಗೆ.

ಎರಡು ಬಗೆ

ನಮ್ಮ ಹೊಟ್ಟೆಯ ಹಿಂಭಾಗದಲ್ಲಿ ಮೇದೋಜೀರಕ ಗ್ರಂಥಿ ಇದೆ. ಅದರಲ್ಲಿರುವ ಕೆಲವು ಜೀವಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಒಂದನೇ ಬಗೆಯ ಕಾಯಿಲೆಯಲ್ಲಿ, ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾ ಪಡೆಯೇ ತಪ್ಪಿ ಈ ಜೀವಕೋಶಗಳನ್ನು ನಾಶ ಮಾಡುತ್ತದೆ. ಇನ್ಸುಲಿನ್ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬರುತ್ತದೆ. ಇದನ್ನು ಪಥ್ಯದಿಂದ ತಡೆಯಲಾಗದು, ಮಾತ್ರೆಯಿಂದ ಸರಿಪಡಿಸಲಾಗದು. ಬದುಕಿರುವವರೆಗೂ ಇನ್ಸುಲಿನ್ ಬೇಕು. ನಾಟಿ ಔಷಧಿ ಕೊಡುತ್ತೇವೆ, ಇಂಜೆಕ್ಷನ್ ಬಿಡಿಸಿ ಎನ್ನುವವರನ್ನು ನಂಬಿ ಬಿಡಿಸಿದರೆ ಮಗು ಕೆಲವೇ ದಿನಗಳಲ್ಲಿ ತೀರಿಹೋಗಬಹುದು. ಇಷ್ಟು ಕಟುವಾಗಿ ಬರೆಯಬೇಕೇ ಎಂದು ಯೋಚಿಸಿ, ಬರೆಯಲೇಬೇಕು ಎಂದು ಬರೆದಿದ್ದೇವೆ.

ಎರಡನೇ ಬಗೆ ನಮ್ಮ ಮನೆಗಳ ಅಜ್ಜ ಅಜ್ಜಿಯರಲ್ಲಿ, ಈಗೀಗ ಮೂವತ್ತು ನಲವತ್ತರ ವಯಸ್ಸಿನವರಲ್ಲೂ ಕಾಣುವಂಥದ್ದು. ಇಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತು ಕೇಳುವುದಿಲ್ಲ. ವಂಶ, ಸೊಂಟದ ಸುತ್ತಿನ ಬೊಜ್ಜು, ಕೂತೇ ಇರುವ ಬದುಕು, ಅತಿಯಾದ ಊಟ ಇವೆಲ್ಲ ಸೇರಿ ಬರುತ್ತದೆ. ಒಳ್ಳೆಯ ಅಭ್ಯಾಸಗಳಿಂದ ಇದನ್ನು ಎಷ್ಟೋ ಮಟ್ಟಿಗೆ ದೂರ ಇಡಬಹುದು, ಇಲ್ಲವೇ ಮುಂದಕ್ಕೆ ತಳ್ಳಬಹುದು. ಫ್ಲಿಪ್ ಚಾರ್ಟಿನ ಪಾಠ ಈ ಬಗೆಗೆ ಮಾತ್ರ ಸಲ್ಲುತ್ತದೆ.

ಕೆರೆ, ತೂಬು, ಕೋಡಿ

'ಇನ್ಸುಲಿನ್ ಒಂದು ಹಾರ್ಮೋನು' ಎಂದರೆ ಆರನೇ ತರಗತಿ ಮಕ್ಕಳು ಬರೆದುಕೊಳ್ಳುತ್ತಾರೆ ಅಷ್ಟೆ. ಹಿರಿಯೂರು ತಾಲ್ಲೂಕಿನ ಮಕ್ಕಳಿಗೆ ನಾವು ವಾಣಿವಿಲಾಸ ಸಾಗರದ ಮಾತೆತ್ತುತ್ತೇವೆ. ಮಾರಿಕಣಿವೆ ಎಂದರೆ ಎಲ್ಲರಿಗೂ ಗೊತ್ತು. ಕಣಿವೆಯಲ್ಲಿ ನೀರು ತುಂಬಿದೆ, ಕೆಳಗೆ ಹೊಲಗಳು ಕಾದಿವೆ. ತೂಬು ಎತ್ತಿದರೆ ತಾನೇ ನೀರು ಹೊಲಕ್ಕೆ ಹೋಗೋದು? ತೂಬು ಎತ್ತದಿದ್ದರೆ ಮೇಲೆ ನೀರೋ ನೀರು, ಕೆಳಗೆ ಪೈರು ಒಣಗುತ್ತದೆ. ನಾವು ತಿಂದ ಅನ್ನ, ಮುದ್ದೆ ಎಲ್ಲ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದು ರಕ್ತದಿಂದ ಮಾಂಸಖಂಡಗಳ ಒಳಕ್ಕೆ ಹೋಗಲು ತೂಬು ಎತ್ತುವ ಕೈ ಇನ್ಸುಲಿನ್. ಒಂದನೇ ಬಗೆಯಲ್ಲಿ ಎತ್ತುವವನೇ ಇಲ್ಲ. ಎರಡನೇ ಬಗೆಯಲ್ಲಿ ಆಳು ಇದ್ದಾನೆ, ತೂಬು ತುಕ್ಕು ಹಿಡಿದಿದೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಂಗಾದ್ರೆ ಕೋಡಿ ಬಿದ್ರೆ?" ನಾವು ಹೇಳಬೇಕಿದ್ದ ಮುಂದಿನ ಮಾತನ್ನು ಅವನೇ ಹೇಳಿಬಿಟ್ಟ. ವಾಣಿವಿಲಾಸ ಸಾಗರ ಕಟ್ಟಿ ಶತಮಾನ ದಾಟಿದರೂ ಕೋಡಿ ಬಿದ್ದದ್ದು ಬಹಳ ಅಪರೂಪ. 1933ರಲ್ಲಿ ಬಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಆ ಮಕ್ಕಳು ಅದನ್ನು ಕಣ್ಣಾರೆ ನೋಡಿದವರು. ಮೂತ್ರಪಿಂಡಕ್ಕೂ ಹಾಗೆ ಒಂದು ಕೋಡಿಯ ಮಟ್ಟ ಇದೆ. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದು ಮೂತ್ರಕ್ಕೆ ಹರಿಯುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದಲೇ ಮೂತ್ರ ಜಾಸ್ತಿ, ಆದ್ದರಿಂದಲೇ ಬಾಯಾರಿಕೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಿಂದಿನವರು ಗಮನಿಸಿದ್ದರು, ಮಧುಮೇಹ ಎಂಬ ಹೆಸರಿನಲ್ಲೇ ಜೇನು ಇದೆ. ಇಷ್ಟು ತಿಳಿದ ಮೇಲೆ ಲಕ್ಷಣಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ತರಗತಿಯಲ್ಲಿ ಮೊದಲು ಕಾಣುವುದು ಶಿಕ್ಷಕರಿಗೆ

ಶಿಕ್ಷಕರೇ, ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಪೀರಿಯಡ್ ಪೀರಿಯಡ್ಡಿಗೂ ಹೊರಗೆ ಹೋಗಲು ಕೇಳುವ ಮಗು, ಬಾಟಲಿ ನೀರು ಮುಗಿಸಿ ಮತ್ತೆ ನಲ್ಲಿಗೆ ಓಡುವ ಮಗು, ಬಿಸಿಯೂಟ ಚೆನ್ನಾಗಿ ತಿಂದರೂ ತಿಂಗಳೊಪ್ಪತ್ತಿನಲ್ಲಿ ಸಣಕಲಾದ ಮಗು, ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುವ ಮಗು. ಹಾಸಿಗೆ ಒದ್ದೆ ಮಾಡುವುದು ನಿಂತು ವರ್ಷಗಳಾದ ಮಗು ಮತ್ತೆ ಒದ್ದೆ ಮಾಡುತ್ತಿದೆ ಎಂದು ತಾಯಿ ಹೇಳುತ್ತಾಳೆ. ಇದನ್ನು ತುಂಟತನ, ಸೋಮಾರಿತನ, ದೃಷ್ಟಿ ತಾಕಿದೆ ಎಂದೆಲ್ಲ ತಿಳಿಯುವುದು ಸಹಜ. ನಾವು ಹೇಳಿದ ಆ ಹುಡುಗಿಗೂ ಮೊದಲು ಹೊರಗೆ ಹೋಗಲು ಕೇಳಿದ್ದಕ್ಕೆ ಬೈಗುಳ ಸಿಕ್ಕಿತ್ತು. ಆಮೇಲೆ ಜಂತುಹುಳದ ಮಾತ್ರೆ, ಆಮೇಲೆ ತಾಯತ. ಕೊನೆಗೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಶುರುವಾಗಿ ಆಸ್ಪತ್ರೆ ಸೇರಿದಾಗ ಅರೆಪ್ರಜ್ಞೆ. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿತ್ತಂತೆ. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಸುಟ್ಟು, ಅದರಿಂದ ಹುಟ್ಟುವ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಆ ಹಂತ ಮುಟ್ಟಿದರೆ ಗಂಟೆಗಳ ಲೆಕ್ಕ.

ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಒಂದು ನಿಮಿಷದೊಳಗೆ ಗೊತ್ತಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಇದೆ. ಇಂಥ ಲಕ್ಷಣ ಇದ್ದು, ಯಾವ ಹೊತ್ತಿನಲ್ಲಿ ನೋಡಿದರೂ 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆ. ಆ ಮಗುವನ್ನು ಅಂದೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು. 'ನಾಳೆ ಸಂತೆ, ನಾಡಿದ್ದು ಹೋಗೋಣ' ಎನ್ನುವ ಕಾಯಿಲೆ ಇದಲ್ಲ.

1922ರ ಮೊದಲು ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಆ ವರ್ಷ ಜನವರಿಯಲ್ಲಿ ಟೊರೊಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊಟ್ಟಮೊದಲ ಇನ್ಸುಲಿನ್ ಕೊಟ್ಟರು. ಅವನ ತೂಕ ಸುಮಾರು 30 ಕಿಲೋ. ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ಗುಣ ಕಾಣಲಿಲ್ಲ. ಶುದ್ಧ ಮಾಡಿ ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ, ಇನ್ನೂ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮಕ್ಕಳಿಗೆ ಈ ಕಥೆ ಬಹಳ ಇಷ್ಟ. ಅವರದೇ ವಯಸ್ಸಿನ ಹುಡುಗ ಅಲ್ಲವೇ!

ಇನ್ಸುಲಿನ್ ತೆಗೆದುಕೊಳ್ಳುವ ಮಗು ಶಾಲೆಯಲ್ಲಿದ್ದರೆ

ಆ ಮಗುವಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು. ಪ್ರಾರ್ಥನೆ ಉದ್ದವಾಯಿತು, ಕ್ರೀಡಾಕೂಟ ತಡವಾಯಿತು, ಬಿಸಿಯೂಟದ ಸಾಲು ಮುಂದೆ ಹೋಗಲಿಲ್ಲ ಎಂದರೆ ಸಕ್ಕರೆ ಕೆಳಗಿಳಿಯಬಹುದು. 70ಕ್ಕಿಂತ ಕಡಿಮೆಯಾದರೆ ಬೆವರು, ನಡುಕ, ಎದೆ ಬಡಿತ, ವಿಪರೀತ ಹಸಿವು. ಕೆಲವು ಮಕ್ಕಳು ಸುಮ್ಮಸುಮ್ಮನೆ ಸಿಟ್ಟಾಗುತ್ತಾರೆ, ಅಸಂಬದ್ಧ ಮಾತಾಡುತ್ತಾರೆ. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ನೋಡಿ. ಸರಿಹೋಗದಿದ್ದರೆ ಮತ್ತೆ ಅಷ್ಟೇ ಕೊಡಿ, ಸರಿಹೋದ ಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ; ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇಲ್ಲೊಂದು ತಮಾಷೆ. 'ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ವಿಷ' ಎಂದು ನಾವೇ ಹೇಳಿಕೊಟ್ಟ ಮಕ್ಕಳು, ಆ ಹುಡುಗಿಗೆ ತಲೆ ತಿರುಗಿದಾಗ ಸಕ್ಕರೆ ಕೊಡಲು ಹೋದ ಟೀಚರನ್ನು ತಡೆದರಂತೆ! ಯಾವ ಹೊತ್ತಿಗೆ ಸಕ್ಕರೆ ಔಷಧಿ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಆ ಮಗು ಆಟ ಆಡಬಾರದು, ಟೂರ್ ಹೋಗಬಾರದು ಎಂಬುದೂ ಸುಳ್ಳು. ಎಲ್ಲರ ಹಾಗೆ ಆಡಲಿ, ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತೋ ಸಕ್ಕರೆ ಪೊಟ್ಟಣವೋ ಇರಲಿ.

ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನ್ ಎಲ್ಲಿಡುವುದು ಎಂದು ತಾಯಂದಿರು ಕೇಳುತ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ, ಅದರಲ್ಲೂ ಶೀಟಿನ ಮನೆಯಲ್ಲಿ, ಔಷಧಿಯ ಶಕ್ತಿ ಹೋಗಿಬಿಡುತ್ತದೆ. ದೊಡ್ಡ ಮಡಕೆಯಲ್ಲಿ ಮರಳು ತುಂಬಿ ನೀರು ಹಾಕಿ, ಅದರೊಳಗೆ ಚಿಕ್ಕ ಕುಡಿಕೆ ಹೂತಿಡಿ. ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ಸಣ್ಣ ಡಬ್ಬದಲ್ಲಿ ಹಾಕಿ ಕುಡಿಕೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ನೆರಳಿರುವ, ಗಾಳಿಯಾಡುವ ಮೂಲೆಯಲ್ಲಿಡಿ. ಮರಳು ಒಣಗಲು ಬಿಡಬೇಡಿ. ತೆರೆದ ಸೀಸೆಯನ್ನು ನಾಲ್ಕು ವಾರದೊಳಗೆ ಮುಗಿಸಬೇಕು. ತೆರೆಯದ ಸೀಸೆಗಳಿಗೆ ಮಾತ್ರ ನೆರೆಮನೆಯ ಫ್ರಿಜ್ ಕೇಳಿ. ಬಾಗಿಲ ಕಡೆ ಇಡಿ, ಐಸ್ ಕಟ್ಟುವ ಖಾನೆಯಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಒಳ್ಳೆಯ ಅಭ್ಯಾಸಗಳ ಮಾತು

ಈಗ ಎರಡನೇ ಬಗೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ ಸುಮಾರು 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬುದು ಅದರ ಲೆಕ್ಕ. ಕಾಯಿಲೆ ಇರುವವರು ಪೇಟೆಯಲ್ಲಿ ನೂರಕ್ಕೆ 16, ಹಳ್ಳಿಯಲ್ಲಿ ಸುಮಾರು 9. ಆದರೆ ಹೊಸ್ತಿಲಲ್ಲಿ ನಿಂತವರು ಪೇಟೆಯಲ್ಲೂ ಹಳ್ಳಿಯಲ್ಲೂ ಒಂದೇ, ನೂರಕ್ಕೆ 15. 'ಹೊಲದಲ್ಲಿ ದುಡಿಯೋರಿಗೆ ಶುಗರ್ ಎಲ್ಲಿ ಬರ್ತತೆ' ಎಂಬ ಮಾತು ಇನ್ನು ನಿಲ್ಲುವುದಿಲ್ಲ.

ಇನ್ನೊಂದು ಮಾತೂ ನಿಲ್ಲುವುದಿಲ್ಲ: 'ಮುದ್ದೆ ಉಂಡರೆ ಶುಗರ್ ಬರಲ್ಲ.' ರಾಗಿಯ ಮೇಲೆ ನಮಗೂ ಅಭಿಮಾನವಿದೆ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಆ ರಾಗಿಯಲ್ಲೂ 65 ಗ್ರಾಂಗಿಂತ ಹೆಚ್ಚು ಶರ್ಕರಪಿಷ್ಟವಿದೆ. ಎರಡು ದೊಡ್ಡ ಮುದ್ದೆ, ಮೇಲೆ ತಟ್ಟೆ ತುಂಬಾ ಅನ್ನ, ಜೊತೆಗೆ ನೀರು ಸಾರು ಎಂದರೆ ರಾಗಿಯ ಗುಣ ಎಲ್ಲಿ ಉಳಿಯಿತು? ಮುದ್ದೆ ಚಿಕ್ಕದಿರಲಿ, ಸಾರಿನಲ್ಲಿ ಹುರುಳಿ, ಅಲಸಂದೆ, ಅವರೆ, ಸೊಪ್ಪು ದಪ್ಪಗಿರಲಿ. ಹೊಸದುರ್ಗದ ಕಡೆ ಬೆಳೆಯುವ ಸಾಮೆಯನ್ನು ಮಾರಿ ಪಾಲಿಶ್ ಅಕ್ಕಿ ತರುವ ಮನೆಗಳಿವೆ. ಸ್ವಲ್ಪವನ್ನಾದರೂ ಮನೆಗೆ ಉಳಿಸಿಕೊಳ್ಳಿ ಎಂದು ಸಂಘದ ಸಭೆಗಳಲ್ಲಿ ಹೇಳುತ್ತಿದ್ದೇವೆ.

ಮಕ್ಕಳಿಗೆ ತಟ್ಟುವುದು ಸಕ್ಕರೆಯ ಲೆಕ್ಕ. ತಂಪು ಪಾನೀಯದ ಖಾಲಿ ಬಾಟಲಿಗಳನ್ನು ಮಕ್ಕಳಿಂದಲೇ ತರಿಸಿ. ಚೀಟಿಯ ಮೇಲೆ 100 ಮಿಲಿಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಎಂದು ಬರೆದಿರುತ್ತದೆ. ಹತ್ತು ಗ್ರಾಂ ಎಂದಿಟ್ಟುಕೊಳ್ಳಿ. 250 ಮಿಲಿಲೀಟರಿಗೆ 25 ಗ್ರಾಂ, ಅಂದರೆ ಐದು ಟೀ ಚಮಚ. ಆ ಐದು ಚಮಚವನ್ನು ಎಲ್ಲರೆದುರು ಒಂದು ಲೋಟಕ್ಕೆ ಸುರಿಯಿರಿ. ಇಡೀ ದಿನಕ್ಕೆ ಸೇರಿಸಿಕೊಳ್ಳುವ ಸಕ್ಕರೆ ಇಷ್ಟರೊಳಗೇ ಇದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಣಿತದ ಮೇಷ್ಟ್ರು ಇದನ್ನು ಲೆಕ್ಕದ ಪೀರಿಯಡ್ಡಿನಲ್ಲೇ ಮಾಡಿಸಬಹುದು. ಹೊಳಲ್ಕೆರೆ ಕಡೆಯ ಒಬ್ಬ ಹುಡುಗಿ ಮನೆಗೆ ಹೋಗಿ ಅಪ್ಪನ ಟೀ ಲೆಕ್ಕ ಹಾಕಿದಳಂತೆ: ಅಡಿಕೆ ಸುಲಿಯುವ ದಿನಗಳಲ್ಲಿ ಎಂಟು ಟೀ, ಲೋಟಕ್ಕೆ ಎರಡು ಚಮಚ. ಅಪ್ಪನಿಗೆ ಸಿಟ್ಟು ಬಂತು. ಆದರೆ ಮುಂದಿನ ವಾರ ಚಮಚ ಒಂದಕ್ಕೆ ಇಳಿಯಿತು.

ಶಾಲೆಯ ಗೇಟಿನ ಎದುರಿನ ಅಂಗಡಿಯ ಮಾತೂ ಆಡಬೇಕು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯಲ್ಲಾಗಲೀ ಗೇಟಿನಿಂದ 50 ಮೀಟರ್ ಒಳಗಾಗಲೀ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಅಂಗಡಿಯವ್ವ ನಮ್ಮ ಸಂಘದವಳೇ ಆಗಿದ್ದರೆ ಏನು ಮಾಡೋದು? ಆಗಿದೆ ಹೀಗೂ. ಆಕೆಯ ಹೊಟ್ಟೆಪಾಡಿಗೆ ಕಲ್ಲು ಹಾಕದೆ, ಪ್ಯಾಕೆಟ್ ಸರದ ಬದಲು ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಸೌತೆಕಾಯಿ ಇಡಲು ಸಂಘದಿಂದ ಸಣ್ಣ ಸಾಲ ಕೊಡಿಸಬಹುದು. ಕಡಲೆಕಾಯಿ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಮಕ್ಕಳು ಐದು ರೂಪಾಯಿಗೆ ಕರಿದ ಹಿಟ್ಟಿನ ಪ್ಯಾಕೆಟ್ ತಿನ್ನುವುದು ನಮಗೆ ಅರಗದ ಮಾತು.

ಆಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು, ಮೊಬೈಲ್ ಆಟ ಲೆಕ್ಕಕ್ಕಿಲ್ಲ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳಬೇಡಿ, ಹುಡುಗಿಯರನ್ನು ಬದಿಗೆ ಕೂರಿಸಬೇಡಿ. ದಪ್ಪಗಿರುವ ಮಗುವಿನ ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ಕಪ್ಪು ಪಟ್ಟೆ ಕಂಡರೆ ಅದನ್ನು ಕೊಳೆ ಎಂದು ಉಜ್ಜಬೇಡಿ. ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು, ಒಮ್ಮೆ ವೈದ್ಯರಿಗೆ ತೋರಿಸಿ.

ಹುಡುಗಿಯರ ಆರೋಗ್ಯ ಎಂದಾಗ ಮೈಸೂರಿನ ಒಂದು ಕೆಲಸ ನೆನಪಾಗುತ್ತದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಊರವರ ಮಿಷನ್ ಆಸ್ಪತ್ರೆಯಲ್ಲಿ, 1930ರ ದಶಕದಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. ಸಂಶೋಧಕರು ಆ ದಾಖಲೆ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಹುಡುಕಿ ಪರೀಕ್ಷೆ ಮಾಡಿದರು. ಆಮೇಲೆ 1997ರಿಂದ ಅಲ್ಲೇ ಗರ್ಭಿಣಿಯರನ್ನು ನೋಡಿದಾಗ, ನೂರಕ್ಕೆ ಆರು ಮಂದಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತು. ಅವರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಚಿಕ್ಕ ವಯಸ್ಸಿಗೇ ಕೊಬ್ಬು ಹೆಚ್ಚು ಕಂಡುಬಂತು. ಹಾಗಾಗಿ ಬಸುರಿಯ ಸಕ್ಕರೆ ಪರೀಕ್ಷೆ ಮುಂದಿನ ತಲೆಮಾರಿನ ಪರೀಕ್ಷೆಯೂ ಹೌದು. ತಾಯಿ ಕಾರ್ಡಿನಲ್ಲಿ ಆ ಖಾನೆ ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಒಬವ್ವನ ಕಿಂಡಿ

ದುರ್ಗದ ಮಕ್ಕಳಿಗೆ ಕೊನೆಯ ಪಾಠವನ್ನು ನಾವು ಕೋಟೆಯಿಂದ ಹೇಳುತ್ತೇವೆ. ಏಳು ಸುತ್ತಿನ ಕೋಟೆಗೆ ಶತ್ರು ನುಗ್ಗಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಸಣ್ಣ ಕಿಂಡಿಯಿಂದ. ಸಕ್ಕರೆ ಕಾಯಿಲೆ ಇರುವ ಅಜ್ಜ ಅಜ್ಜಿಯರ ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ. ಜಾಲಿ ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಆ ಕಿಂಡಿಯಿಂದ ಕೀವು ಒಳಹೊಕ್ಕು ಎಷ್ಟೋ ಜನರ ಕಾಲು ಹೋಗಿದೆ. ಕಣ್ಣು ಮಂಜಾದ ಅಜ್ಜಿಗೆ ತನ್ನ ಪಾದದ ಅಡಿ ತಾನು ನೋಡಿಕೊಳ್ಳಲಾಗದು. ಮೊಮ್ಮಗಳಿಗೆ ಆಗುತ್ತದೆ. ರಾತ್ರಿ ಮಲಗುವ ಮುಂಚೆ ಎರಡು ಪಾದ, ಹತ್ತು ಬೆರಳ ಸಂದು, ಎರಡು ಹಿಮ್ಮಡಿ. ಗಾಯ, ಗುಳ್ಳೆ, ಕಪ್ಪು ಕಂಡರೆ ಮನೆಯವರಿಗೆ ಹೇಳುವುದು. ನವೆಂಬರ್ 11ರ ಒಬವ್ವ ಜಯಂತಿಯಿಂದ 14ರವರೆಗೆ ನಾಲ್ಕು ದಿನ ಈ ಕಾವಲು ಕಾಯಿರಿ ಎಂದು ಮನೆಪಾಠ ಕೊಡುತ್ತೇವೆ.

ಹಾಗೆ ಕೊಟ್ಟ ಒಂದು ವರ್ಷ ಆ ಏಳನೇ ತರಗತಿ ಹುಡುಗಿ ತಿರುಗಿ ಶಾಲೆಗೆ ಬಂದಿದ್ದಳು. ನಾವು ಮತ್ತೆ ಹೋಗಿ, ಹಿಂದೆ ಹೇಳಿದ್ದು ಅರ್ಧ ಪಾಠ ಎಂದು ಮಕ್ಕಳೆದುರು ಒಪ್ಪಿಕೊಂಡು, ಪೂರ್ತಿ ಹೇಳಿದ್ದೆವು. ಆಕೆಯೇ ಎದ್ದು, ಸಿರಿಂಜು ಹಿಡಿಯುವುದು ಹೇಗೆ ಎಂದು ಪೆನ್ನಿನಲ್ಲಿ ತೋರಿಸಿದಳು. ಕದ್ದು ತಿಂದಿದೀಯ ಎಂದಿದ್ದ ಹುಡುಗ, "ನೋಯಲ್ವಾ?" ಎಂದ. "ನೋಯ್ತತೆ. ನಿಂಗೆ ಜಾಸ್ತಿ ನೋಯ್ತತೆ ಬಿಡು" ಎಂದಳು. ಈಗ ಆ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನ ಮೇಲೆ ಒಂದು ಸ್ಟೀಲ್ ಡಬ್ಬದಲ್ಲಿ ಸಕ್ಕರೆ, ಒಂದು ಲೋಟ, ಒಂದು ಚಮಚ ಇರುತ್ತವೆ. ಇರುವೆ ಬರದಂತೆ ಮುಚ್ಚಳ ಹಾಕುವ ಕೆಲಸ ತರಗತಿಯ ಮಕ್ಕಳದು, ಪಾಳಿಯ ಮೇಲೆ.